ನಾಲ್ಕಡಿ ಹಲಗೆಯ ಮೇಲೆ ಹೊಸಕೋಟೆಯ ಆ ರಾತ್ರಿ

ಅನುಗೊಂಡನಹಳ್ಳಿಯಲ್ಲಿ ನಾವು ಕೆಲವು ಗೆಳೆಯರು ಸೇರಿ ಹಳೆಯ ಕಾಳಗವೊಂದನ್ನು ಹಲಗೆಯ ಮೇಲೆ ಕಟ್ಟಲು ಹೊರಟಾಗ, ನೆರವಿಗೆ ಬಂದ ಹುಡುಗರು ಕೇಳಿದ ಮೊದಲ ಪ್ರಶ್ನೆ ಇದು: 'ಇದರಲ್ಲಿ ನಮ್ಮವರು ಯಾರು?' ಮಣ್ಣು ಕಲಸುವುದು, ತಂತಿ ಬಗ್ಗಿಸುವುದು, ಬಣ್ಣ ಬಳಿಯುವುದು ಇವೆಲ್ಲ ಆಮೇಲಿನ ಮಾತು. ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾವು ತಿಂಗಳುಗಳನ್ನು ಕಳೆದೆವು.

ಯುದ್ಧದ ಒಂದು ಗಳಿಗೆಯನ್ನು ಪುಟ್ಟ ಗೊಂಬೆಗಳಲ್ಲಿ, ನೆಲ, ಗಿಡ, ಗುಡಾರಗಳ ಸಮೇತ ನಿಲ್ಲಿಸುವ ಮಾದರಿಗೆ ಡಯೊರಾಮಾ ಎನ್ನುತ್ತಾರೆ. ಹೆಸರು ಹೊರಗಿನದಾದರೂ ಕೆಲಸ ನಮಗೆ ಹೊಸದಲ್ಲ. ಬೇಗೂರಿನಿಂದ ತಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವ ಗಂಗರ ಕಾಲದ ವೀರಗಲ್ಲನ್ನು ನೋಡಿದವರಿಗೆ ಇದು ಗೊತ್ತು. ಆನೆ, ಕುದುರೆ, ಕಾಲಾಳು ಎಲ್ಲವೂ ಒಂದೇ ಕಲ್ಲಿನಲ್ಲಿ ಕಾದಾಡುತ್ತಿವೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧವಿದೆ. ಸುತ್ತುವರಿದ ಸೈನಿಕರ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿಯನ್ನು ಶಾಲಾ ಮಕ್ಕಳೂ ಗುರುತಿಸುತ್ತಾರೆ. ಗೆದ್ದವರು ತಮ್ಮ ಗೆಲುವನ್ನು ಗೋಡೆಯ ಮೇಲೆ ಬರೆಸಿದರು. ಸೋತ ರಾತ್ರಿಯನ್ನು ಬರೆಸುವವರು ಯಾರು? ನಾವು ಆರಿಸಿಕೊಂಡದ್ದು ಅಂಥ ಒಂದು ರಾತ್ರಿಯನ್ನು.

ಹೊಸಕೋಟೆ ಎಂಬ ಹೆಬ್ಬಾಗಿಲು

ಅನುಗೊಂಡನಹಳ್ಳಿ ಹೊಸಕೋಟೆ ತಾಲ್ಲೂಕಿನ ಒಂದು ಹೋಬಳಿ. ಸುಗಟೂರಿನ ಪಾಳೆಯಗಾರ ತಮ್ಮೇಗೌಡ ಹೊಸಕೋಟೆಯ ಕೋಟೆಯನ್ನೂ ದೊಡ್ಡ ಕೆರೆಯನ್ನೂ ಕಟ್ಟಿಸಿದ್ದು ಸುಮಾರು 1595ರಲ್ಲಿ. 1638ರಲ್ಲಿ ಅದು ಬಿಜಾಪುರದ ಪಾಲಾಗಿ ಶಹಾಜಿಯ ಜಹಗೀರಿಗೆ ಸೇರಿತು. ಕೋಲಾರದ ಕಡೆಯಿಂದ ಬೆಂಗಳೂರಿಗೆ ಬರುವ ಯಾವ ಸೈನ್ಯವಾದರೂ ಈ ಬಾಗಿಲನ್ನು ದಾಟಲೇಬೇಕಿತ್ತು. ಹೀಗಾಗಿ ಊರು ಕೈಯಿಂದ ಕೈಗೆ ಹೋಗುತ್ತಲೇ ಇತ್ತು.

ಹೈದರಾಲಿಗೂ ಈ ಊರಿಗೂ ಇನ್ನೊಂದು ನಂಟಿದೆ. 1761ರಲ್ಲಿ ನಿಜಾಮನ ಸಹೋದರ ಬಸಾಲತ್ ಜಂಗ್ ಹೊಸಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದ ಮರಾಠಾ ಕಾವಲು ಪಡೆ ಜಗ್ಗಲಿಲ್ಲ. ಆಗ ಹೈದರ್ ಮೂರು ಲಕ್ಷ ರೂಪಾಯಿ ನಜರು ಒಪ್ಪಿಸಿ ಸಿರಾದ ನವಾಬಗಿರಿಯನ್ನು ಪಡೆದ. ಸಿರಾ ಆಗ ಕೊಟ್ಟವನ ಕೈಯಲ್ಲೂ ಇರಲಿಲ್ಲ, ಪಡೆದವನ ಕೈಯಲ್ಲೂ ಇರಲಿಲ್ಲ, ಮರಾಠರ ಕೈಯಲ್ಲಿತ್ತು! ಆದರೂ ಹೈದರ್ ಅದನ್ನು ಗೆದ್ದುಕೊಂಡ, ಹೊಸಕೋಟೆಯನ್ನೂ ಗೆದ್ದುಕೊಂಡ. ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಒಬ್ಬ ಸೈನಿಕನ ಮಗ ನವಾಬನೆನಿಸಿಕೊಂಡದ್ದು ಹೀಗೆ, ಈ ಊರಿನ ಮುತ್ತಿಗೆಯ ನಡುವೆ. ಏಳು ವರ್ಷಗಳ ನಂತರ ಅದೇ ಊರಿನ ಬಯಲಿನಲ್ಲಿ ಅವನು ಪೆಟ್ಟು ತಿಂದ.

1768ರ ಆಗಸ್ಟ್ 22

ಅದು ಮೊದಲನೆಯ ಮೈಸೂರು ಯುದ್ಧದ ಕಾಲ. ಕರ್ನಲ್ ಜೋಸೆಫ್ ಸ್ಮಿತ್‌ನ ಕಂಪನಿ ಸೈನ್ಯ ಬೆಂಗಳೂರಿನ ಮುತ್ತಿಗೆಗೆ ಸಿದ್ಧತೆ ನಡೆಸುತ್ತ ಹೊಸಕೋಟೆಯ ಬಳಿ ಬೀಡುಬಿಟ್ಟಿತ್ತು. ಗುತ್ತಿಯ ಮರಾಠಾ ಒಡೆಯ ಮುರಾರಿರಾವ್ ಘೋರ್ಪಡೆ ಸುಮಾರು 3,000 ಸವಾರರೊಂದಿಗೆ ಅವನನ್ನು ಕೂಡಿಕೊಂಡಿದ್ದ. ಮುರಾರಿರಾಯನ ಬೀಡು ಇಂಗ್ಲಿಷರ ಬೀಡಿಗೆ ಅರ್ಧ ಮೈಲಿ ದೂರ. ಈ ಅರ್ಧ ಮೈಲಿಯೇ ಹೈದರನ ಕಣ್ಣಿಗೆ ಬಿದ್ದದ್ದು. ಸ್ಮಿತ್ ಎದ್ದು ಬರುವುದರೊಳಗೆ ಮರಾಠರ ಬೀಡನ್ನು ತುಳಿದುಬಿಡಬೇಕೆಂದು ಅವನು 22ರ ರಾತ್ರಿ ಕುದುರೆ ಸೈನ್ಯವನ್ನು ಮುಂದೆ ಬಿಟ್ಟು, ಹಿಂದೆ ಕಾಲ್ದಳವನ್ನು ನಡೆಸಿದ.

ಮುಂದಿನದನ್ನು ಮಾರ್ಕ್ ವಿಲ್ಕ್ಸ್ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಬರೆದಿದ್ದಾನೆ. ಮುರಾರಿರಾಯ ಹಳೆಯ ಹುಲಿ. 'ಯಾರೂ ಕುದುರೆ ಏರಬೇಡಿ, ನಿಮ್ಮ ನಿಮ್ಮ ಕುದುರೆಯ ತಲೆಯ ಬಳಿ ನಿಲ್ಲಿ, ಕುದುರೆಯ ಮೇಲಿರುವವನೆಲ್ಲ ಶತ್ರು' ಎಂಬರ್ಥದ ಅಪ್ಪಣೆ ಕೊಟ್ಟ. ಇರುಳಿನಲ್ಲಿ ನಮ್ಮವರು ತಮ್ಮವರು ಎಂದು ಗುರುತಿಸುವ ಕಷ್ಟ ಅದೊಂದು ಮಾತಿನಿಂದ ಬಗೆಹರಿಯಿತು. ನುಗ್ಗಿ ಬಂದ ಸವಾರರು ಗುಡಾರಗಳ ನಡುವೆ ಸಿಕ್ಕಿಕೊಂಡರು. ಅಷ್ಟರಲ್ಲಿ ಮುರಾರಿರಾಯನ ಪಟ್ಟದಾನೆಗೆ ಗಾಯವಾಯಿತು. ನೋವಿನಿಂದ ಹುಚ್ಚೆದ್ದ ಆನೆ ಕಟ್ಟು ಕಿತ್ತು, ತನ್ನದೇ ಸರಪಳಿಯನ್ನು ಸೊಂಡಿಲಿನಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಬೀಸುತ್ತ ಸವಾರರ ಗುಂಪಿನ ಮೇಲೆ ನುಗ್ಗಿತು. ಕುದುರೆಗಳು ಹಿಂದಿರುಗಿ ತಮ್ಮ ಕಾಲ್ದಳದ ಮೇಲೆಯೇ ಬಿದ್ದವು. ದಾಳಿ ಮುರಿಯಿತು. ಹೈದರನ ಕಡೆ ಸುಮಾರು 300 ಜನ ಬಿದ್ದರೆಂದೂ, ಎದುರು ಕಡೆಯ ನಷ್ಟ ತೀರಾ ಕಡಿಮೆಯೆಂದೂ ಲೆಕ್ಕವಿದೆ.

ಹಲಗೆ ಕಲಿಸಿದ ಪಾಠ

ಓದುವಾಗ ಎಲ್ಲವೂ ಸಲೀಸು. ಕಟ್ಟಲು ಕೂತಾಗ ಕಷ್ಟ ತಿಳಿಯುತ್ತದೆ. ನಾವು ಒಂದಕ್ಕೆ ಎಪ್ಪತ್ತೆರಡರ ಅಳತೆ ಇಟ್ಟುಕೊಂಡೆವು. ಐದೂವರೆ ಅಡಿಯ ಆಳು ಒಂದಂಗುಲಕ್ಕೂ ತುಸು ಕಡಿಮೆಯಾಗುತ್ತಾನೆ. ಒಂಬತ್ತಡಿಯ ಆನೆ ಒಂದೂವರೆ ಅಂಗುಲ. ನಾಲ್ಕಡಿಯ ಹಲಗೆಯಲ್ಲಿ ಹಿಡಿಯುವುದು 288 ಅಡಿ ನೆಲ ಮಾತ್ರ. ಹಾಗಾದರೆ ಅರ್ಧ ಮೈಲಿ ದೂರದ ಸ್ಮಿತ್‌ನ ಬೀಡು ಎಲ್ಲಿ? ಲೆಕ್ಕ ಹಾಕಿದರೆ ಸುಮಾರು 37 ಅಡಿ ಆಚೆ, ಗೋಡೆಯನ್ನೂ ಓಣಿಯನ್ನೂ ದಾಟಿ ಪಕ್ಕದ ಮನೆಯ ದನದ ಕೊಟ್ಟಿಗೆಯಲ್ಲಿ! ಹುಡುಗರು ಬಿದ್ದು ಬಿದ್ದು ನಕ್ಕರು. ಆದರೆ ಆ ನಗುವಿನಲ್ಲೇ ಹೈದರನ ಲೆಕ್ಕಾಚಾರವೂ ಅರ್ಥವಾಯಿತು. ಆ ದೂರವನ್ನು ಕಾಲ್ನಡಿಗೆಯಲ್ಲಿ, ರಾತ್ರಿಯಲ್ಲಿ, ಸಾಲು ಕಟ್ಟಿಕೊಂಡು ದಾಟಲು ಎಷ್ಟು ಹೊತ್ತು ಬೇಕು? ಆ ಹೊತ್ತನ್ನು ಅವನು ಪಣವಾಗಿ ಇಟ್ಟಿದ್ದ.

ತಪ್ಪುಗಳನ್ನೂ ಮಾಡಿದೆವು. ಹುಡುಗರು ಮೈಸೂರಿನ ಸೈನಿಕರಿಗೆಲ್ಲ ಹುಲಿಪಟ್ಟೆಯ ಅಂಗಿ ತೊಡಿಸಿದ್ದರು. ಹುಲಿಯ ಗುರುತು ಟಿಪ್ಪುವಿನದು. ಅವನು ಪಟ್ಟಕ್ಕೆ ಬಂದದ್ದು 1782ರಲ್ಲಿ, ಈ ರಾತ್ರಿ ಅವನಿನ್ನೂ ಹದಿಹರೆಯದ ಹುಡುಗ. ಪಟ್ಟೆಗಳನ್ನೆಲ್ಲ ಅಳಿಸಬೇಕಾಯಿತು. ನಾವು ದೊಡ್ಡವರ ತಪ್ಪು ಇನ್ನೂ ದೊಡ್ಡದು. ರಾತ್ರಿ ದಾಳಿ ಎಂದರೆ ಕಗ್ಗತ್ತಲು ಎಂದುಕೊಂಡು ಹಿಂದಿನ ಪರದೆಗೆ ಮಸಿ ಬಳಿದಿದ್ದೆವು. ಆಮೇಲೆ ತಿಥಿ ಎಣಿಸಿ ನೋಡಿದರೆ ಅದು ಶ್ರಾವಣ ಶುಕ್ಲ ದಶಮಿಯ ಆಸುಪಾಸು, ಹಿಜರಿ 1182ರ ರಬೀವುಲ್ ಆಖಿರ್ ತಿಂಗಳ ಮೊದಲ ಭಾಗ. ಅರ್ಧಕ್ಕಿಂತ ಹೆಚ್ಚು ತುಂಬಿದ ಚಂದ್ರ ಮುಳುಗುವುದು ಮಧ್ಯರಾತ್ರಿ ಕಳೆದು ಒಂದೆರಡು ಗಂಟೆಯ ಮೇಲೆ. ಹಾಗಾಗಿ ಮಸಿ ಕೆರೆದು, ಮಳೆಗಾಲದ ಮೋಡಗಳ ನಡುವೆ ಪಶ್ಚಿಮಕ್ಕೆ ವಾಲಿದ ಚಂದ್ರನನ್ನು ಇಟ್ಟೆವು. ಪಂಚಾಂಗ ನೋಡಿ ಮದುವೆ ಮಾಡುವ ನಾವು ಇತಿಹಾಸ ಹೇಳುವಾಗ ಮಾತ್ರ ಪಂಚಾಂಗ ತೆರೆಯುವುದಿಲ್ಲ.

ನಮ್ಮವರು ಯಾರು?

ಈಗ ಆ ಮೊದಲ ಪ್ರಶ್ನೆಗೆ ಬರೋಣ. ಹುಡುಗರಲ್ಲಿ ಕೆಲವರು ಹೈದರನ ಕಡೆ, ಕೆಲವರು ಮರಾಠರ ಕಡೆ ಎಂದು ಆಗಲೇ ಹಂಚಿಕೊಂಡಿದ್ದರು. ಹೇಗೆ ಹಂಚಿಕೊಂಡರೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರವರ ಹೆಸರೇ ಹಂಚಿತ್ತು. ಗೊಂಬೆಗಳಿಗೂ ಹಾಗೆಯೇ ಎರಡು ಬಣ್ಣ ಬಳಿಯುವ ಮಾತು ಬಂತು.

ಆದರೆ ಗೊಂಬೆಗಳನ್ನು ಒಂದೊಂದಾಗಿ ನಿಲ್ಲಿಸಲು ಹೊರಟರೆ ಆ ಎರಡು ಬಣ್ಣ ಸಾಲುವುದಿಲ್ಲ. ಹೈದರನ ಸೈನ್ಯದಲ್ಲಿ ಮುಸಲ್ಮಾನರಿದ್ದರು, ಬೇಡರಿದ್ದರು, ರಜಪೂತರಿದ್ದರು, ಮರಾಠರೂ ಇದ್ದರು, ಫಿರಂಗಿಗಳ ಬಳಿ ಯುರೋಪಿನವರಿದ್ದರು. ಮುರಾರಿರಾಯನ ಬೆನ್ನಿಗೆ ನಿಂತ ಕಂಪನಿಯ ಸಿಪಾಯಿಗಳಲ್ಲಿ ತೆಲುಗರು, ತಮಿಳರು, ಮುಸಲ್ಮಾನರು ಎಲ್ಲರೂ ಇದ್ದರು. ಕಂಪನಿ ಯಾರ ಪರವಾಗಿ ಹೋರಾಡುತ್ತಿದ್ದೇನೆ ಎನ್ನುತ್ತಿತ್ತೋ ಆ ಆರ್ಕಾಟಿನ ನವಾಬ ಮುಹಮ್ಮದ್ ಅಲಿಯೂ ಮುಸಲ್ಮಾನನೇ. ಹೈದರಾಬಾದಿನ ನಿಜಾಮ್ ಅಲಿ 1767ರಲ್ಲಿ ಹೈದರನ ಜೊತೆಗಿದ್ದು, 1768ರ ಫೆಬ್ರವರಿಯಲ್ಲಿ ಇಂಗ್ಲಿಷರೊಂದಿಗೆ ಒಪ್ಪಂದ ಮಾಡಿಕೊಂಡ. ಇದರಲ್ಲಿ ಧರ್ಮಯುದ್ಧ ಎಲ್ಲಿದೆ? ರಾಜ್ಯ, ಕಂದಾಯ, ಕೋಟೆ ಇವುಗಳ ಲೆಕ್ಕ ಮಾತ್ರವಿದೆ. ಆ ರಾತ್ರಿ ಬೀಡಿನಲ್ಲಿ ಸಾವು ಬದುಕನ್ನು ತೀರ್ಮಾನಿಸಿದ ಗುರುತು ಒಂದೇ. ಕುದುರೆಯ ಮೇಲಿದ್ದೀಯೋ, ನೆಲದ ಮೇಲಿದ್ದೀಯೋ? ಹಣೆಯನ್ನಾಗಲಿ ಗಡ್ಡವನ್ನಾಗಲಿ ಯಾರೂ ನೋಡಲಿಲ್ಲ.

ಊರಿನ ಹಿರಿಯರೊಬ್ಬರ ಆಕ್ಷೇಪ ಬೇರೆಯೇ ಇತ್ತು. 'ಹೈದರ್ ಗೆದ್ದ ಯುದ್ಧಗಳೇ ಬೇಕಾದಷ್ಟಿವೆ. ಸೋತದ್ದನ್ನು ಯಾಕೆ ತೋರಿಸುತ್ತೀರಿ? ಮೊದಲೇ ಅವನನ್ನೂ ಅವನ ಮಗನನ್ನೂ ಬೈಯುವವರು ಬಹಳ' ಎಂದರು. ಅವರ ನೋವು ನಮಗೆ ಅರ್ಥವಾಗದ್ದಲ್ಲ. ಆದರೆ ಸೋಲನ್ನು ಮುಚ್ಚಿಟ್ಟರೆ ಗೆಲುವೂ ಅರ್ಥವಾಗುವುದಿಲ್ಲ. ಹೊಸಕೋಟೆಯ ಪೆಟ್ಟಿನ ನಂತರ, ಅದೇ ಅಕ್ಟೋಬರ್‌ನಲ್ಲಿ ಹೈದರ್ ಮುಳಬಾಗಿಲಿನಲ್ಲಿ ಕರ್ನಲ್ ವುಡ್‌ನ ಪಡೆಯನ್ನು ಎದುರಿಸಿದ. ನವೆಂಬರ್‌ನಲ್ಲಿ ಹೊಸೂರಿನ ಬಳಿಯ ಬಾಗಲೂರಿನಲ್ಲಿ ಅದೇ ವುಡ್‌ನ ಸಾಮಾನು ಸರಂಜಾಮನ್ನು ಹೊಡೆದುಕೊಂಡು ಹೋದ. 1769ರ ಮಾರ್ಚ್‌ನಲ್ಲಿ ಮದ್ರಾಸಿನ ಹೊಸ್ತಿಲಿಗೇ ಹೋಗಿ ನಿಂತು, ಏಪ್ರಿಲ್ ಮೊದಲ ವಾರದಲ್ಲಿ ಕಂಪನಿಯಿಂದ ಸಮಾನರ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ. ಎಂಟೇ ತಿಂಗಳು! ಆಗಸ್ಟ್‌ನ ಸೋಲನ್ನು ತಿಳಿಯದವನಿಗೆ ಏಪ್ರಿಲ್‌ನ ಗೆಲುವಿನ ತೂಕ ಹೇಗೆ ತಿಳಿದೀತು? ಹಾಗೆಂದು ಕಥೆ ಅಲ್ಲಿಗೆ ಸುಖವಾಗಿ ಮುಗಿಯುವುದೂ ಇಲ್ಲ. ಆ ರಾತ್ರಿ ಗೆದ್ದ ಮುರಾರಿರಾಯ 1776ರಲ್ಲಿ ಗುತ್ತಿಯನ್ನು ಹೈದರನಿಗೆ ಕಳೆದುಕೊಂಡು, ಕಬ್ಬಾಳದುರ್ಗದ ಸೆರೆಯಲ್ಲಿ ಸತ್ತ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಇದೇ ಕೋಲಾರ, ಹೊಸಕೋಟೆಯ ದಾರಿಯಲ್ಲಿ ಬಂದು ಬೆಂಗಳೂರನ್ನು ಹಿಡಿದ.

ಕಾಳಗದಲ್ಲಿ ಸತ್ತವರ ಪೈಕಿ ನಮಗೆ ಸಿಕ್ಕಿದ್ದು ಒಂದೇ ಹೆಸರು. ಅವನು ಸ್ಮಿತ್‌ನ ಅಂಗರಕ್ಷಕ ಅಧಿಕಾರಿ ಕ್ಯಾಪ್ಟನ್ ಗೀ. ಹೈದರನ ಕಡೆಯ 300 ಜನರಲ್ಲಿ ಒಬ್ಬನ ಹೆಸರೂ ಪುಸ್ತಕದಲ್ಲಿಲ್ಲ. ಗುಡಾರ ಹೊಡೆದವರು, ಹುಲ್ಲು ಕೊಯ್ದು ತಂದವರು, ಸೈನ್ಯಗಳ ಕುದುರೆಗಳು ಮೇದ ಹೊಲಗಳ ಒಡೆಯರು ಇವರ ಮಾತನ್ನಂತೂ ಎತ್ತುವುದೇ ಬೇಡ. ಇದನ್ನು ಹೇಳಿದಾಗ ಹುಡುಗರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಅವರೇ ಹಲಗೆಯ ಅಂಚಿನಲ್ಲಿ ಒಂದು ರಾಗಿ ಹೊಲ ಮಾಡಿದರು, ಅರ್ಧ ಹಸಿರು, ಅರ್ಧ ತುಳಿದದ್ದು. ಹೊಲದ ಬದುವಿನ ಮೇಲೆ ತಲೆಯ ಮೇಲೆ ಕೈ ಹೊತ್ತ ಒಬ್ಬನನ್ನು ಕೂರಿಸಿದರು. 'ನಮ್ಮವರು ಯಾರು' ಎಂದು ಮತ್ತೆ ಕೇಳಲಿಲ್ಲ.

ಹಲಗೆಯ ಮುಂದಿನ ಫಲಕದಲ್ಲಿ ನಾವು ದಿನಾಂಕ, ಊರು, ಎರಡೂ ಸೈನ್ಯಗಳ ಹೆಸರು ಇಷ್ಟನ್ನೇ ಬರೆದಿದ್ದೇವೆ. 'ವಿಜಯ' ಎಂಬ ಪದ ಇಲ್ಲ. ನಡುವೆ ಸರಪಳಿ ಬೀಸುವ ಒಂದೂವರೆ ಅಂಗುಲದ ಆನೆ ಇದೆ. ಅದರ ಮಾವುತನನ್ನು ಎಲ್ಲಿ ನಿಲ್ಲಿಸಬೇಕು ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಆನೆಯ ಹಿಂದೆ ಓಡುತ್ತಿದ್ದನೇ, ಅದರ ಕಾಲಡಿಗೇ ಸಿಕ್ಕಿದನೇ? ಅಂಗುಲದ ಆ ಮನುಷ್ಯ ಅಂಟು ಹಚ್ಚಿಸಿಕೊಳ್ಳದೆ ಇನ್ನೂ ಕಿಟಕಿಯ ಮೇಲೆಯೇ ನಿಂತಿದ್ದಾನೆ.