ಪಾನಾದ ಮೇಲಿನ ಅಂಕಿ

ಊರಿನಲ್ಲಿ ಸ್ಪ್ಯಾನರ್ ಎನ್ನುತ್ತಿದ್ದುದನ್ನು ಮುಂಬಯಿಗೆ ಬಂದ ಮೇಲೆ ನಾವು ಪಾನಾ ಎನ್ನಲು ಕಲಿತೆವು. ಗಿರಣಿಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ದುಡಿದ ಹಿರಿಯರ ಮನೆಗಳಲ್ಲಿ, ಮಂಚದ ಕೆಳಗಿನ ಟ್ರಂಕಿನಲ್ಲಿ ಅಂಥ ಒಂದೆರಡು ಪಾನಾಗಳು ಇನ್ನೂ ಸಿಕ್ಕಾವು. ಇತ್ತೀಚೆಗೆ ಪರಿಚಿತರ ಮಗನೊಬ್ಬ ಅಜ್ಜನ ಪಾನಾ ಹಿಡಿದು ತನ್ನ ಬೈಕಿನ ನಟ್ಟು ಬಿಚ್ಚಲು ಹೋಗಿ ಅದರ ಮೂಲೆಗಳನ್ನೆಲ್ಲ ಉರುಟಾಗಿಸಿಬಿಟ್ಟ. “ಅಜ್ಜನ ಪಾನಾ ಸವೆದುಹೋಗಿದೆ” ಎಂದ. ಪಾನಾ ಸವೆದಿರಲಿಲ್ಲ, ಅದರ ಮೇಲಿನ ಅಂಕಿಯನ್ನು ಅವನು ಓದಿರಲಿಲ್ಲ. ಆ ಅಂಕಿಗೆ ದೊಡ್ಡದೊಂದು ಇತಿಹಾಸವೇ ಇದೆ.

ಒಂದು ಕಾಲಕ್ಕೆ ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದರ ನಟ್ಟಿಗೆ ಕೂಡುತ್ತಿರಲಿಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಲ್ಲ ಬೋಲ್ಟುಗಳಿಗೂ 55 ಡಿಗ್ರಿ ಕೋನದ ಒಂದೇ ಬಗೆಯ ಥ್ರೆಡ್ ಇರಲೆಂದು ಸೂಚಿಸಿದ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯೇ ಲೇಸೆಂದ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳು ಈ ಭೇದದಿಂದ ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೆ 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾಗಳು ಒಂದು ಸಮಾನ ಥ್ರೆಡ್ಡಿಗೆ ಒಪ್ಪಿದವು. ನಮ್ಮ ದೇಶವು 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಯತ್ತ ಹೊರಳಿತು.

ಇನ್ನು ಅಂಕಿಯ ಗುಟ್ಟು. ವಿಟ್‌ವರ್ತ್ ಪಾನಾದ ಮೇಲಿನ ಅಂಕಿ ಬೋಲ್ಟಿನ ದಪ್ಪವನ್ನು ಹೇಳುತ್ತದೆ, ಪಾನಾದ ಬಾಯಿಯ ಅಗಲವನ್ನಲ್ಲ. ಮೆಟ್ರಿಕ್ ಪಾನಾದ ಅಂಕಿ ಬಾಯಿಯ ಅಗಲವನ್ನೇ ಹೇಳುತ್ತದೆ. ಇಂದಿನ ಅಮೆರಿಕನ್ ಪಾನಾದ್ದೂ ಹಾಗೆಯೇ. ಆದ್ದರಿಂದ ಕಾಲಿಂಚಿನ ವಿಟ್‌ವರ್ತ್ ಪಾನಾದ ಬಾಯಿ ಸುಮಾರು 13.3 ಮಿಲಿಮೀಟರ್, ಅಮೆರಿಕನ್ ಅರ್ಧ ಇಂಚಿನದು 12.7, ಇವೆರಡರ ನಡುವೆ ಮೆಟ್ರಿಕ್ 13. ಕಣ್ಣಿಗೆ ಮೂರೂ ಒಂದೇ. ಆದರೆ ನಟ್ಟಿನ ಮೂಲೆಗಳನ್ನು ಹಾಳುಮಾಡಲು 0.3 ಮಿಲಿಮೀಟರಿನ ಸಡಿಲ ಸಾಕು. ಆ ಹುಡುಗನ ಕೈಯಲ್ಲಿ ಆದದ್ದೂ ಇದೇ.

ಇಂದು ಕೊಳ್ಳುವವರಿಗೆ ಒಂದು ತುದಿ ತೆರೆದ, ಇನ್ನೊಂದು ತುದಿ ರಿಂಗ್ ಆಗಿರುವ ಕಾಂಬಿನೇಷನ್ ಪಾನಾ ಅನುಕೂಲ. ಎರಡೂ ತುದಿಗಳ ಅಳತೆ ಒಂದೇ. ಬಿಗಿ ಸಡಿಲಿಸಲು, ಕೊನೆಯ ಬಿಗಿ ಕೊಡಲು ರಿಂಗ್. ನಡುವೆ ಬೇಗ ತಿರುಗಿಸಲು ತೆರೆದ ಬಾಯಿ. ತೆರೆದ ಬಾಯಿ ಸಾಮಾನ್ಯವಾಗಿ 15 ಡಿಗ್ರಿ ಓರೆಯಾಗಿರುವುದರಿಂದ, ಇಕ್ಕಟ್ಟಿನಲ್ಲಿ ಪಾನಾವನ್ನು ಮಗುಚಿ ಹಾಕಿದರೆ ನಟ್ಟು ಮುಂದೆ ಸಾಗುತ್ತದೆ. ನಾಗದೇವಿ ಸ್ಟ್ರೀಟಿನ ಅಂಗಡಿಯಲ್ಲಿ ಹೊಳಪಿಗೆ ಮರುಳಾಗಬೇಡಿ. ಕ್ರೋಮ್ ವೆನೇಡಿಯಂ ಉಕ್ಕೇ ಎಂದು ಕೇಳಿ, ಅಳತೆ ಆಳವಾಗಿ ಅಚ್ಚಾಗಿದೆಯೇ ನೋಡಿ. ಜೊತೆಗೆ ಒಂದು ಹೊಸ ನಟ್ಟು ಒಯ್ದು, ಅಲುಗಾಡದೆ ಕೂರುತ್ತದೆಯೇ ಎಂದು ಪರೀಕ್ಷಿಸಿ. ಹಿಡಿಗೆ ಪೈಪು ತೊಡಿಸಿ ಎಳೆಯುವ ಚಾಳಿ ಮಾತ್ರ ಬೇಡ.

ಅಜ್ಜನ ಪಾನಾವನ್ನು ಗುಜರಿಗೆ ಹಾಕಲು ಹೊರಟಿದ್ದ ಹುಡುಗ ಈಗ ಅದಕ್ಕೆ ಎಣ್ಣೆ ಸವರಿ ಇಟ್ಟಿದ್ದಾನೆ. ಹಳೆಯ ಇಂಗ್ಲಿಷ್ ಯಂತ್ರವೊಂದು ಎದುರಾದರೆ ಅದೇ ಬೇಕಾದೀತು.