ತೊರಪಳ್ಳಿಯವರು ಕಲ್ಕತ್ತೆಗೆ ಹೋದಾಗ

ಲಿಂಕನ್ ಪಾಠ ಓದುತ್ತಿದ್ದ ಮಗಳು ಕೇಳಿದಳು: "ಅಂತರ್ಯುದ್ಧದಲ್ಲಿ ಹಾಗೆ ದೇಶ ಹಿಡಿದು ನಿಲ್ಲಿಸಿದವರು ನಮ್ಮ ಕಡೆ ಯಾರೂ ಇಲ್ವಾ?"

ನಮ್ಮಲ್ಲಿ ಅಂತರ್ಯುದ್ಧ ಅಂತ ಆಗಲಿಲ್ಲ, ನಿಜ. ಆದರೆ 1946-48ರ ಕೋಮು ರಕ್ತಪಾತ ಅದಕ್ಕೇನೂ ಕಡಿಮೆಯಲ್ಲ. ಆ ಹೊತ್ತಿಗೆ ಕಲ್ಕತ್ತೆಯಲ್ಲಿ ರಾಜ್ಯಪಾಲರಾಗಿ, ಆಮೇಲೆ ದಿಲ್ಲಿಯಲ್ಲಿ ಗವರ್ನರ್ ಜನರಲ್ ಆಗಿ ಕೂತವರು ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯವರು. 1878ರಲ್ಲಿ ಹುಟ್ಟಿದ ರಾಜಾಜಿ. ಅವರು ಹುಟ್ಟಿದ ಮನೆ ಈಗ ಸರ್ಕಾರದ ಸ್ಮಾರಕ. ಹತ್ತಿರದ ತಳಿ ಊರಿನಿಂದ ಹೊರಟರೆ ಅರ್ಧ ದಿನದಲ್ಲಿ ನೋಡಿಕೊಂಡು ಬರಬಹುದು.

ಅವರ ಕನ್ನಡದ ನಂಟು ಹುಡುಕಿ ಅಲೆಯಬೇಕಿಲ್ಲ. ಹೊಸೂರಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಅಲ್ಲಿ ಗೆಳೆಯರಾದ ನವರತ್ನ ರಾಮರಾಯರು ಕೊನೆಯವರೆಗೂ ಗೆಳೆಯರೇ. 'ಕೆಲವು ನೆನಪುಗಳು' ಬರೆದ ಅದೇ ರಾಮರಾಯರು.

ಇನ್ನು ಕಲ್ಕತ್ತೆ. 1947ರ ಆಗಸ್ಟ್ 15ರಂದು ರಾಜಾಜಿ ಅಲ್ಲಿ ಅಧಿಕಾರ ವಹಿಸಿಕೊಂಡಾಗ ಬಂಗಾಳಿಗಳಿಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ. 1939ರಲ್ಲಿ ಸುಭಾಷರನ್ನು ಎದುರು ಹಾಕಿಕೊಂಡಿದ್ದನ್ನು ಯಾರೂ ಮರೆತಿರಲಿಲ್ಲ. ಸುಭಾಷರ ಅಣ್ಣ ಶರತ್ ಬೋಸರಂತೂ ಈ ನೇಮಕವನ್ನೇ ಬಹಿರಂಗವಾಗಿ ವಿರೋಧಿಸಿದ್ದರು. ಆಗ ಗಾಂಧೀಜಿ ಅದೇ ಊರಿನ ಬೇಲಿಯಾಘಾಟದ ಹೈದರಿ ಮಂಜಿಲ್ ಎಂಬ ಹಳೆಯ ಮನೆಯಲ್ಲಿದ್ದರು. ಹದಿನೈದು ದಿನ ಊರು ತಣ್ಣಗಿತ್ತು. ಆಗಸ್ಟ್ 31ರ ರಾತ್ರಿ ಗುಂಪೊಂದು ಆ ಮನೆಗೇ ನುಗ್ಗಿತು. ಮರುದಿನ ಗಲಭೆ ಹೊತ್ತಿಕೊಂಡಿತು. ಗಾಂಧೀಜಿ ಉಪವಾಸಕ್ಕೆ ಕೂರುತ್ತೇನೆಂದರು.

ಅಂದು ರಾತ್ರಿ ರಾಜ್ಯಪಾಲರು ಅಲ್ಲಿಗೆ ಹೋದರು. ಗೂಂಡಾಗಳ ಮೇಲೆ ಉಪವಾಸ ಮಾಡುತ್ತಾರೆಯೇ, ಸ್ವಲ್ಪ ಕಾದು ನೋಡಿ ಎಂದು ವಕೀಲರಂತೆಯೇ ವಾದಿಸಿದರು. ಗೂಂಡಾಗಳ ಬೆನ್ನಿಗೆ ನಿಂತವರ ಮನಸ್ಸು ತಟ್ಟಬೇಕಿದೆ ಎಂದರು ಗಾಂಧೀಜಿ. ವಾದ ಸೋತಿತು. ನನಗೆ ಬಹಳ ಇಷ್ಟವಾದದ್ದು ಮುಂದಿನ ಸಂಗತಿ. ಗಾಂಧೀಜಿ ಬರೆದಿಟ್ಟಿದ್ದ ಹೇಳಿಕೆಯಲ್ಲಿ, ನೀರಿಗೆ ಬೇಕಾದರೆ ಉಪ್ಪು, ಸೋಡಾ, ನಿಂಬೆರಸ ಸೇರಿಸಿಕೊಳ್ಳುತ್ತೇನೆ ಎಂದಿತ್ತು. ರಾಜಾಜಿಯ ಕಣ್ಣು ನಿಂಬೆರಸದ ಮೇಲೆ ಬಿತ್ತು. ಎಲ್ಲ ದೇವರಿಗೇ ಬಿಟ್ಟಿದ್ದೀರಿ ಅಂದಮೇಲೆ ಇದು ಯಾಕೆ? ಗಾಂಧೀಜಿ ಒಪ್ಪಿಕೊಂಡು ಆ ಮಾತು ಹೊಡೆದುಹಾಕಿದರು. ಎಪ್ಪತ್ತೇಳು ವಯಸ್ಸಿನ ಬೀಗರಿಗೆ (ರಾಜಾಜಿಯ ಮಗಳು ಲಕ್ಷ್ಮಿ ಗಾಂಧೀಜಿಯ ಸೊಸೆ) ನಿಂಬೆಹಣ್ಣನ್ನೂ ತಪ್ಪಿಸಿದ ಈ ತರ್ಕ ಕ್ರೂರವೋ ಗೌರವವೋ, ನೀವೇ ಹೇಳಿ. ಗೌರವ ಎಂದೇ ನನ್ನ ಲೆಕ್ಕ.

ಸೆಪ್ಟೆಂಬರ್ 4ರಂದು ಎಲ್ಲ ಕೋಮಿನ ಮುಖಂಡರು ಶಾಂತಿ ಕಾಪಾಡುತ್ತೇವೆಂದು ಬರೆದುಕೊಟ್ಟ ಮೇಲೆ ಉಪವಾಸ ಮುಗಿಯಿತು. ಗಲಭೆಕೋರರು ಆಯುಧಗಳನ್ನು ತಂದು ಗಾಂಧೀಜಿಯ ಮುಂದೆ ಇಟ್ಟರು. ಉಪವಾಸ ಬೇಡವೆಂದು ವಾದಿಸಿದ್ದ ರಾಜಾಜಿಯೇ ಆಮೇಲೆ, ಸ್ವಾತಂತ್ರ್ಯ ತಂದದ್ದಕ್ಕಿಂತ ಈ ಗೆಲುವು ದೊಡ್ಡದು ಎಂದರು.

ದಿಲ್ಲಿಗೆ ಹೋದ ಮೇಲೆ ಕನ್ನಡದ ಇನ್ನೊಂದು ನಂಟು ಕೈಬೀಸಿ ಕರೆಯುತ್ತದೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದಿನ ನಿಜಾಮರು ಶರಣಾಗಿ ಬೀದರ್, ಕಲಬುರ್ಗಿ, ರಾಯಚೂರು ಬಿಡುಗಡೆಯಾದಾಗ ಗವರ್ನರ್ ಜನರಲ್ ಇವರೇ. ನಿಜಾಮರ ಪರ ನಿಂತಿದ್ದ ರಜಾಕಾರರ ದಳವನ್ನು ನಿಷೇಧಿಸಿ ಎಂದು ನಿಜಾಮರಿಗೆ ಮೊದಲೇ ಪತ್ರವನ್ನೂ ಬರೆದಿದ್ದರು. ಹಾಗಂತ ಆ ಕೀರ್ತಿಯನ್ನು ತೊರಪಳ್ಳಿಗೆ ಎಳೆದು ತಂದರೆ ಗೃಹಮಂತ್ರಿ ಪಟೇಲರಿಗೆ ಅನ್ಯಾಯ. ಲಿಂಕನ್ ದಂಡನಾಯಕರನ್ನು ತೆಗೆದು ಹಾಕಿ ಯುದ್ಧ ನಡೆಸಿದವರು. ಗವರ್ನರ್ ಜನರಲ್ ಮಂತ್ರಿಮಂಡಲದ ಸಲಹೆಗೆ ರುಜು ಹಾಕಬೇಕಾದವರು. ಆ ಹೋಲಿಕೆ ಬಿಡೋಣ.

ಅದು ಧಾನ್ಯಕ್ಕೆ ಬರವಿದ್ದ ಕಾಲ ಕೂಡ. ದಿಲ್ಲಿಯಲ್ಲಿ ಹಿಂದೆ ವೈಸ್‌ರಾಯ್‌ಗಳಿದ್ದ ಬಂಗಲೆಯ ಆವರಣದಲ್ಲಿ ಒಂದು ಭಾಗ ಉಳುಮೆ ಮಾಡಿಸಿ ಗೋಧಿ ಬಿತ್ತಿಸಿದರು ರಾಜಾಜಿ. ನಮ್ಮ ಸೀಮೆಯವರಾಗಿ ರಾಗಿ ಬಿತ್ತಬಾರದಿತ್ತೇ ಅಂತ ನಮ್ಮ ಕಡೆಯ ಹಿರಿಯರೊಬ್ಬರದು ಇವತ್ತಿಗೂ ತಕರಾರು.