ಸೈಕಲ್ ಕಳವಿನ ಕಥೆ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಪಂಪ್‌ಸೆಟ್ ಮೋಟರಿನ ನಡುಕ ಅಳೆಯುವ ಸಾಧನವೊಂದನ್ನು ಕಟ್ಟುತ್ತಿದ್ದೆ. ಸೆಕೆಂಡಿಗೆ 10,000 ಅಳತೆ ಬೇಕಿತ್ತು. ಆರ್ಡುಯಿನೋ ಊನೋದ 16 ಮೆಗಾಹರ್ಟ್ಸ್ ಚಿಪ್ಪಿನಲ್ಲಿ ನನ್ನ ಕೈಲಿ ಅದು ಆಗಲಿಲ್ಲ. ಒಂದೊಂದು ಅಳತೆಗೂ ಪ್ರೊಸೆಸರ್ ತನ್ನ ಕೆಲಸ ಬಿಟ್ಟೆದ್ದು, ಅಂಕಿಯನ್ನು ಹೊತ್ತು ತಂದು ಮೆಮೊರಿಯಲ್ಲಿಟ್ಟು ಮರಳಬೇಕು. ಯಜಮಾನನೇ ಲಾರಿಯಿಂದ ಮೂಟೆ ಇಳಿಸುತ್ತಿದ್ದರೆ ಗಲ್ಲಾಪೆಟ್ಟಿಗೆ ಯಾರು ನೋಡುವುದು? ಗೆಳೆಯನೊಬ್ಬ ಎಸ್‌ಟಿಎಂ32ಎಫ್103 ಬೋರ್ಡ್ ಕೊಟ್ಟು, "ಇದರಲ್ಲಿ ಡಿಎಂಎ ಇದೆ" ಅಂದ. ಡೈರೆಕ್ಟ್ ಮೆಮೊರಿ ಆಕ್ಸೆಸ್ ಅಂದರೆ ಹಮಾಲಿಗೆ ಬೇರೆ ಆಳು. ಪ್ರೊಸೆಸರ್ ವಿಳಾಸ ಮತ್ತು ಎಣಿಕೆ ಹೇಳಿದರೆ ಸಾಕು, ಅಂಕಿಗಳು ತಾವೇ ಮೆಮೊರಿ ಸೇರುತ್ತವೆ.

ಬೋರ್ಡ್ ಕೆಲವು ಸೆಕೆಂಡು ಓಡಿ ಸತ್ತುಹೋಗುತ್ತಿತ್ತು. ಎರಡು ರಾತ್ರಿ ಕಾರಣ ಹುಡುಕಿ ಸೋತು, ಹಳೆಯ ಕೈಪಿಡಿಗಳನ್ನು ಓದಲು ಕೂತೆ.

ಇದು ಹೊಸ ಉಪಾಯ ಅಂದುಕೊಂಡಿದ್ದೆ. ಅಲ್ಲ. 1954ರ ಐಬಿಎಂ 704ರಲ್ಲಿ ಟೇಪಿನಿಂದ ಬರುವ ಪ್ರತಿ ಪದಕ್ಕೂ ಪ್ರೋಗ್ರಾಂ ಒಂದು 'ಕಾಪಿ' ಆದೇಶವನ್ನು ಸರಿಯಾದ ಹೊತ್ತಿಗೆ ಕೊಡಬೇಕಿತ್ತು. ಟೇಪ್ ಕಾಯುವುದಿಲ್ಲವಲ್ಲ. 1957ರಲ್ಲಿ ಘೋಷಿಸಿದ 709ರಲ್ಲಿ ಆ ಹೊರೆಯನ್ನು ಡೇಟಾ ಸಿಂಕ್ರೊನೈಸರ್ ಎಂಬ ಬೇರೊಂದು ಪೆಟ್ಟಿಗೆಗೆ ವಹಿಸಿದರು. ಟೇಪ್ ಓಡುತ್ತಿರುವಾಗಲೇ ಲೆಕ್ಕವೂ ಸಾಗಿತು. ಹೀಗೆ ನಡುನಡುವೆ ಪ್ರೊಸೆಸರಿನಿಂದ ಮೆಮೊರಿಯ ಒಂದೊಂದು ಆವರ್ತವನ್ನು ಕಸಿದುಕೊಳ್ಳುವುದಕ್ಕೆ 'ಸೈಕಲ್ ಸ್ಟೀಲಿಂಗ್' ಎಂಬ ಹೆಸರು ಬಂತು. ಮೊದಲ ಸಲ ಕೇಳಿದಾಗ ನನಗೆ ಹಾಸ್ಟೆಲಿನ ಹಿಂದೆ ಕಳೆದುಹೋದ ನನ್ನ ಸೈಕಲ್ಲೇ ನೆನಪಾಗಿದ್ದು.

ನನಗೆ ಹೆಚ್ಚು ಹಿಡಿಸಿದ್ದು 1965ರ ಪಿಡಿಪಿ-8. 18,000 ಡಾಲರಿನ ಆ ಯಂತ್ರದ ಮೂಲ ಮೆಮೊರಿ 12 ಬಿಟ್ಟಿನ 4,096 ಪದಗಳು. ಒಂದು ಆವರ್ತಕ್ಕೆ 1.5 ಮೈಕ್ರೊಸೆಕೆಂಡ್. ಅಲ್ಲಿ ಡಿಎಂಎಗೆ 'ಡೇಟಾ ಬ್ರೇಕ್' ಎಂದು ಹೆಸರು. ಎಣಿಕೆ ಮತ್ತು ವಿಳಾಸ ಇಟ್ಟುಕೊಳ್ಳಲು ಪ್ರತಿ ಉಪಕರಣಕ್ಕೂ ರಿಜಿಸ್ಟರ್ ಕಟ್ಟಿದರೆ ದುಬಾರಿ. ಹಾಗಾಗಿ ಅವೆರಡನ್ನೂ ಮೆಮೊರಿಯಲ್ಲೇ ಇಡುವ ದಾರಿಯನ್ನೂ ಕೊಟ್ಟರು. ಮೊದಲ ಆವರ್ತದಲ್ಲಿ ಎಣಿಕೆ ತಿದ್ದುವುದು, ಎರಡನೆಯದರಲ್ಲಿ ವಿಳಾಸ, ಮೂರನೆಯದರಲ್ಲಿ ಪದ ಸಾಗಿಸುವುದು. ಒಂದರ ಬದಲು ಮೂರು ಕಳವು, ಆದರೆ ಅಗ್ಗ. ಬಡವರ ಡಿಎಂಎ ಅನ್ನಿ. ಇವತ್ತಿನ ಕೆಲವು ಪುಟ್ಟ ಮೈಕ್ರೊಕಂಟ್ರೋಲರುಗಳೂ ಡಿಎಂಎ ಪಟ್ಟಿಯನ್ನು ತಮ್ಮ ರ್‍ಯಾಮಿನಲ್ಲೇ ಇಡುತ್ತವೆ.

ಬೆಳಕು ಬಿದ್ದದ್ದು ಮಾತ್ರ 1981ರ ಐಬಿಎಂ ಪಿಸಿಯಿಂದ. ಅದರ 8088 ಪ್ರೊಸೆಸರಿನ ವಿಳಾಸ 20 ಬಿಟ್, ಡಿಎಂಎ ಚಿಪ್ 8237ರದು 16. ಉಳಿದ ನಾಲ್ಕು ಬಿಟ್ಟುಗಳನ್ನು ಪಕ್ಕದ ಇನ್ನೊಂದು ರಿಜಿಸ್ಟರಿನಲ್ಲಿಟ್ಟರು. ಸಾಗಣೆಯ ನಡುವೆ ಅದು ಬದಲಾಗುವುದಿಲ್ಲ. 64 ಕಿಲೊಬೈಟಿನ ಗಡಿ ದಾಟಬೇಕಾದ ದತ್ತಾಂಶ ಅದೇ ತುಂಡಿನ ಆರಂಭಕ್ಕೆ ಸುತ್ತಿಬಂದು, ಅಲ್ಲಿದ್ದುದನ್ನು ಅಳಿಸಿ ಕೂರುತ್ತಿತ್ತು. ಅಲ್ಲಿ ಯಾರಿದ್ದಾರೆ ಎಂದು ಆ ಚಿಪ್ ಕೇಳುವುದಿಲ್ಲ. ಅದಕ್ಕೆ ಗೊತ್ತಿರುವುದು ವಿಳಾಸ, ಎಣಿಕೆ, ಅಷ್ಟೇ.

ಆಗ ನನ್ನ ಕೋಡ್ ನೋಡಿದೆ. ಅಳತೆಗಳ ಅರೆಯನ್ನು ನಾನು ಒಂದು ಫಂಕ್ಷನ್ನಿನ ಒಳಗೆ ಘೋಷಿಸಿ, ಅದರ ವಿಳಾಸವನ್ನು ಡಿಎಂಎಗೆ ಕೊಟ್ಟಿದ್ದೆ. ಕೊಟ್ಟ ಹೊತ್ತಿಗೆ ವಿಳಾಸ ಸರಿಯೇ. ಆದರೆ ಫಂಕ್ಷನ್ ಮುಗಿದೊಡನೆ ಸ್ಟ್ಯಾಕಿನ ಆ ಜಾಗ ಬೇರೆಯವರ ಪಾಲಾಗಿತ್ತು. ಹಮಾಲಿ ಮಾತ್ರ ಮನೆ ಖಾಲಿಯಾದದ್ದು ತಿಳಿಯದೆ ಸೆಕೆಂಡಿಗೆ 10,000 ಮೂಟೆ ತಂದು, ಹೊಸ ಬಾಡಿಗೆದಾರನ ಮೇಲೆ ಎಸೆಯುತ್ತಲೇ ಇದ್ದ. ಪ್ರೊಸೆಸರ್ ಮರಳಬೇಕಾದ ವಿಳಾಸಗಳೂ ಇದ್ದದ್ದು ಅಲ್ಲೇ.

ಘೋಷಣೆಯ ಹಿಂದೆ 'ಸ್ಟ್ಯಾಟಿಕ್' ಎಂಬ ಒಂದು ಪದ ಸೇರಿಸಿದೆ. ಮೋಟರಿನ ನಡುಕದ ಅಲೆ ಪರದೆಯ ಮೇಲೆ ಬಂದಾಗ ಕಿಟಕಿಯಾಚೆ ಬೆಳಗಾಗುತ್ತಿತ್ತು, ಒಂಬತ್ತಕ್ಕೆ ವೈವಾ ಇತ್ತು.